ಬಾತುಕೋಳಿ ಕೋಳಿಯಲ್ಲ

ಮಾನ್ಯ ಸಂಪಾದಕರೇ,

ಹಿತ್ತಲಲ್ಲಿ ಹತ್ತು ಬಾತುಕೋಳಿ ಸಾಕಿ, ಮೊಟ್ಟೆ ಮಾರಿ ಎನ್ನುವ ಬರಹಗಳು ಕೃಷಿ ಪುಟಗಳಲ್ಲಿ ಆಗಾಗ ಬರುತ್ತವೆ. ಅವು ಹೇಳುವ ಲೆಕ್ಕ ಸುಳ್ಳಲ್ಲ. ಖಾಕಿ ಕ್ಯಾಂಪ್‌ಬೆಲ್ ತಳಿಯನ್ನು ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ, ಒಂದೊಂದೂ 65ರಿಂದ 70 ಗ್ರಾಂ ತೂಗುತ್ತದೆ. ಆದರೆ ತಂದ ಹತ್ತರಲ್ಲಿ ವರ್ಷ ತಿರುಗುವಷ್ಟರಲ್ಲಿ ಎಷ್ಟು ಉಳಿದಿರುತ್ತವೆ ಎಂಬ ಮಾತು ಮಾತ್ರ ಅಲ್ಲಿ ಬರುವುದಿಲ್ಲ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಒಂದರ ಕೋಡಿ ಇನ್ನೊಂದಕ್ಕೆ ಹರಿದು ಕೋಲಾರ ಜಿಲ್ಲೆಯ ಕೆರೆಗಳು ತುಂಬುತ್ತಾ ಹೋದವು. ನೀರು ಕಂಡವರಿಗೆ ಬಾತು ನೆನಪಾಗುವುದು ಸಹಜ. ಹಾಗೆ ನೆನಪಾದವರಿಗಾಗಿ ಈ ಪತ್ರ.

ತೊಂದರೆ ಹೆಸರಿನಿಂದಲೇ ಶುರು. ಬಾತುಕೋಳಿ ಎಂದಾಗ ಕೋಳಿ ಎಂಬುದೇ ಕಿವಿಯಲ್ಲಿ ಉಳಿದು, ನಾಟಿ ಕೋಳಿ ಸಾಕಿದ ಅನುಭವ ಇದಕ್ಕೂ ಸಾಕು ಅಂದುಕೊಳ್ಳುತ್ತೇವೆ. ನಾಟಿ ಕೋಳಿ ಹೊತ್ತು ಮುಳುಗಿದರೆ ತಾನಾಗಿ ಗೂಡಿಗೆ ಬರುತ್ತದೆ. ಬಾಗಿಲು ಮುಚ್ಚಿದ್ದರೆ ಹುಣಸೆ ಕೊಂಬೆ ಏರಿ ಕೂರುತ್ತದೆ. ಖಾಕಿ ಕ್ಯಾಂಪ್‌ಬೆಲ್‌ನಂಥ ಸಾಕು ಬಾತು ಕೊಂಬೆ ಏರುವುದಿಲ್ಲ, ಹಾರಿ ತಪ್ಪಿಸಿಕೊಳ್ಳುವಷ್ಟು ರೆಕ್ಕೆಬಲವೂ ಅದಕ್ಕಿಲ್ಲ. ಯಾರೂ ಕರೆಯದಿದ್ದರೆ ಕತ್ತಲಾದರೂ ಕೆರೆಯಲ್ಲೇ ಉಳಿಯುತ್ತದೆ. ಮಲಗುವುದು ನೆಲದ ಮೇಲೆ, ನಾಯಿಯ ಬಾಯಿಗೆ ಸರಿಯಾದ ಎತ್ತರದಲ್ಲಿ. ಹಾಗಾಗಿ ಹಗಲಿನ ಹಸಿರು, ನೀರು ಎಲ್ಲ ಆಮೇಲಿನ ಮಾತು. ಮೊದಲು ರಾತ್ರಿಯ ಗೂಡು.

12 ಬಾತಿಗೆ 6 ಅಡಿ ಉದ್ದ, 6 ಅಡಿ ಅಗಲದ ಗೂಡು ಸಾಕು. ತಲೆಗೆ 3 ಚದರಡಿ ಎಂಬ ಲೆಕ್ಕ; ಹಗಲು ಓಡಾಡಲು ಹೊರಗೆ ತಲೆಗೆ 10ರಿಂದ 15 ಚದರಡಿ ಬೇರೆ ಬೇಕು. ಎತ್ತರ 5 ಅಡಿಗಿಂತ ಕಡಿಮೆ ಬೇಡ. ಇದು ಬಾತಿಗಾಗಿ ಅಲ್ಲ, ಪೊರಕೆ ಹಿಡಿದು ಒಳಗೆ ಹೋಗುವವರ ಸೊಂಟಕ್ಕಾಗಿ. ಪೂರ್ತಿ ಬಗ್ಗಿ ಗುಡಿಸಬೇಕಾದ ಗೂಡು ಎರಡೇ ವಾರದಲ್ಲಿ ಗುಡಿಸದ ಗೂಡಾಗುತ್ತದೆ. ನಮ್ಮ ಕಡೆ ಕಲ್ಲಿಗೇನೂ ಬರವಿಲ್ಲ. ಹಳೆಯ ದ್ರಾಕ್ಷಿ ಚಪ್ಪರದಿಂದ ಕಿತ್ತ ಕಲ್ಲುಕಂಬ ನಾಲ್ಕು ಮೂಲೆಗೆ, ಸುತ್ತ ಎರಡೂವರೆ ಅಡಿ ಎತ್ತರಕ್ಕೆ ಚಪ್ಪಡಿ, ಅದರ ಮೇಲೆ ಸೂರಿನವರೆಗೆ ಜಾಲರಿ. ಜಾಲರಿ ನೆಲದಿಂದಲೇ ಶುರುವಾದರೆ ಬಾತು ಅದಕ್ಕೇ ಒರಗಿ ಮಲಗುತ್ತದೆ. ಹೊರಗೆ ನಿಂತ ಕಾಡುಬೆಕ್ಕು ಪಂಜ ತೂರಿಸಿ ಸಿಕ್ಕಿದ್ದನ್ನು ಎಳೆಯುತ್ತದೆ. ಬೆಳಿಗ್ಗೆ ನೋಡಿದರೆ ಚಿಲಕ ಹಾಕಿದ್ದು ಹಾಕಿದ ಹಾಗೇ ಇರುತ್ತದೆ, ಒಳಗೊಂದು ಬಾತಿಗೆ ರೆಕ್ಕೆ ಇರುವುದಿಲ್ಲ.

ಜಾಲರಿ ಕೊಳ್ಳುವಾಗಲೇ ಹೆಚ್ಚಿನವರು ಎಡವುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೇಳಿದರೆ ಆರು ಮೂಲೆ ಕಣ್ಣಿನ, ತೆಳು ತಂತಿ ಹೆಣೆದದ್ದನ್ನು ಅಳೆದು ಕೊಡುತ್ತಾರೆ. ಅದು ಕೋಳಿಯನ್ನು ಒಳಗಿಡಲು ಆದೀತು. ನಾಯಿಯನ್ನು ಹೊರಗಿಡಲು ಆಗದು. ಹಲ್ಲು ಕೊಟ್ಟು ಎರಡು ಸಲ ಎಳೆದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಕೇಳಬೇಕಾದ್ದು ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿದ ತಂತಿಯನ್ನು ಬೆಸೆದ ಜಾಲರಿ. ಒಂದು ಇಂಚಿನದು ಅಗ್ಗ ನಿಜ, ಅದರಲ್ಲಿ ಇಲಿಯೂ ಹಾವೂ ನುಸುಳುತ್ತವೆ. ಹಾವು ಒಳಗೆ ಬಂದು ಮರಿ ನುಂಗಿದ ಮೇಲೆ ಅದೇ ಕಣ್ಣಿನಲ್ಲಿ ಹೊರಗೆ ಹೋಗಲಾರದೆ ಗೂಡಿನಲ್ಲೇ ಸುರುಳಿ ಸುತ್ತಿರುತ್ತದೆ. ಕತ್ತಲಲ್ಲಿ ಮೊಟ್ಟೆಗೆ ಕೈ ಹಾಕುವವರು ಯೋಚಿಸಬೇಕಾದ ಸಂಗತಿ. ಇನ್ನೊಂದು, ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. ದೊಡ್ಡ ಸಂಖ್ಯೆ ಗಟ್ಟಿ ಎಂದು ತಿಳಿದು 22 ಗೇಜ್ ತಂದು ಮೋಸ ಹೋಗಬೇಡಿ. ಚೌಕಟ್ಟಿಗೆ ಕೂರಿಸುವಾಗ ಮೊಳೆ ಬಗ್ಗಿಸಿ ಹೊಡೆಯುವ ಬದಲು ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ.

ಗೋಡೆಯ ಬುಡ ಅಷ್ಟೇ ಮುಖ್ಯ. ಕೆರೆದು ನುಗ್ಗುವ ಪ್ರಾಣಿ ಗೋಡೆ ನೆಲಕ್ಕೆ ತಾಕುವ ಗೆರೆಯಲ್ಲೇ ಕೆರೆಯುತ್ತದೆ. ಜಲ್ಲಿ ಬೆರೆತ ನೆಲದಲ್ಲಿ ಆಳ ಪಾಯ ತೆಗೆಯುವ ಕಷ್ಟ ಬೇಡವೆಂದರೆ, ಗೋಡೆಯಿಂದ ಹೊರಕ್ಕೆ ಒಂದೂವರೆ ಅಡಿ ಅಗಲ ಜಾಲರಿ ಮಲಗಿಸಿ, ಮೂರು ಇಂಚು ಮಣ್ಣು ಮುಚ್ಚಿ, ಮೇಲೆ ಸೈಜುಗಲ್ಲು ಇಡಿ. ಕೆರೆದ ನಾಯಿಗೆ ತಂತಿ ಸಿಗುತ್ತದೆ. ಹಿಂದೆ ಸರಿದು ಅಲ್ಲಿಂದ ತೋಡೋಣ ಎಂಬ ಯೋಚನೆ ಅದಕ್ಕೆ ಹೊಳೆಯುವುದಿಲ್ಲ. ಹೆಗ್ಗಣ ಮಾತ್ರ ಇದಕ್ಕೆ ಜಗ್ಗುವುದಿಲ್ಲ. ಅದು ದೂರದಿಂದಲೇ ಬಿಲ ತೋಡಿಕೊಂಡು ಬಂದು ಗೂಡಿನ ನಡುವೆ ಏಳುತ್ತದೆ. ಅದಕ್ಕೆ ಒಳನೆಲಕ್ಕೂ ಚಪ್ಪಡಿ ಹಾಸಿ ಸಂದಿಗೆ ಸಿಮೆಂಟ್ ಮೆತ್ತುವುದೊಂದೇ ದಾರಿ; ಮೇಲೆ ನಾಲ್ಕು ಇಂಚು ಒಣ ಹುಲ್ಲು.

ಸೂರಿನ ಕಡೆ ಯಾರೂ ನೋಡುವುದಿಲ್ಲ. ಅಲೆಅಲೆಯಾದ ಶೀಟು ಗೋಡೆಯ ಮೇಲೆ ಕೂತಾಗ ಪ್ರತಿ ಅಲೆಯಡಿ ಒಂದೊಂದು ಬಾಯಿ ಉಳಿಯುತ್ತದೆ. ಮುಂಗುಸಿಯ ತಲೆ ತೂರಿತೆಂದರೆ ಮೈ ತೂರಿದಂತೆಯೇ. ಆ ಬಾಯಿಗಳಿಗೆ ಗಾರೆ ತುಂಬಿ, ಇಲ್ಲವೇ ಜಾಲರಿ ತುಂಡು ಮಡಿಸಿ ತುರುಕಿ. ಬಾಗಿಲಿಗೆ ನಡುವೆ ಒಂದೇ ಚಿಲಕ ಇದ್ದರೆ ನಾಯಿ ಕೆಳಗಿನ ಮೂಲೆ ಒತ್ತಿದಾಗ ಹಲಗೆ ಬಾಗಿ ಸಂದು ಬಿಡುತ್ತದೆ. ಮೇಲೊಂದು, ಕೆಳಗೊಂದು ಎರಡು ಚಿಲಕ ಇರಲಿ. ಒಳಗೆ ಕಡಿಮೆ ವ್ಯಾಟಿನ ಒಂದು ಬಲ್ಬು ರಾತ್ರಿಯಿಡೀ ಉರಿಯಲಿ. ಕಗ್ಗತ್ತಲಲ್ಲಿ ಟಾರ್ಚ್ ಬೆಳಕೋ ಬೈಕಿನ ದೀಪವೋ ಬಿದ್ದರೆ ಬಾತುಗಳು ಬೆದರಿ ಒಂದರ ಮೇಲೊಂದು ಬಿದ್ದು ಮೂಲೆಯಲ್ಲಿ ಒತ್ತರಿಸಿಕೊಳ್ಳುತ್ತವೆ, ಅಡಿಯಲ್ಲಿದ್ದದ್ದು ಉಸಿರುಗಟ್ಟುತ್ತದೆ.

ಬಾಗಿಲು ತೆರೆಯುವ ಹೊತ್ತಿನಲ್ಲೂ ಕೋಳಿ ಅಭ್ಯಾಸ ಬಿಡಬೇಕು. ಬಾತು ಮೊಟ್ಟೆ ಇಡುವುದು ನಸುಕಿನಿಂದ. ನೂರಕ್ಕೆ 95ರಷ್ಟು ಮೊಟ್ಟೆ ಬೆಳಿಗ್ಗೆ 9ರೊಳಗೆ ಬಿದ್ದಿರುತ್ತದೆ. ಕೋಳಿ ಬಿಟ್ಟ ಹಾಗೆ ಬೆಳಕು ಹರಿದ ಕೂಡಲೇ ಬಿಟ್ಟರೆ ಮೊಟ್ಟೆಯೆಲ್ಲ ಜೊಂಡಿನಲ್ಲಿ, ಕೆರೆಯ ತಳದಲ್ಲಿ. 9ಕ್ಕೆ ಬಿಟ್ಟರೆ ಮೊಟ್ಟೆ ಕೈಗೆ ಸಿಗುತ್ತದೆ, ಮುಂಜಾವಿನ ಮಂಜಿನಲ್ಲಿ ಅಡ್ಡಾಡುವ ನಾಯಿ ನರಿಗಳ ಹೊತ್ತೂ ಕಳೆದಿರುತ್ತದೆ. ಸಂಜೆ ಕರೆತರಲು ಕೋಲಿಗಿಂತ ಡಬ್ಬ ಮೇಲು: ದಿನವೂ ಒಂದೇ ಹೊತ್ತಿಗೆ, ಒಂದೇ ಡಬ್ಬ ಬಡಿದು, ಸಂಜೆಯ ಮೇವನ್ನು ಗೂಡಿನೊಳಗೇ ಹಾಕಿ. ಎರಡು ವಾರದಲ್ಲಿ ಸದ್ದಿಗೇ ಸಾಲು ಕಟ್ಟಿ ಬರುತ್ತವೆ. ಬಾಗಿಲು ಹಾಕುವ ಮುನ್ನ ಎಣಿಸಿ. ಒಂದು ಕಡಿಮೆಯಾದರೆ ಆಗಲೇ ಹುಡುಕಬೇಕು, ಬೆಳಿಗ್ಗೆ ಹುಡುಕಿದರೆ ಸಿಗುವುದು ಪುಕ್ಕ.

ಪುಕ್ಕ ಸಿಕ್ಕಿದರೂ ಅದನ್ನು ಓದಲು ಕಲಿಯಬೇಕು. ನಾಲ್ಕೈದು ಬಾತು ಸತ್ತು, ಒಂದನ್ನೂ ತಿಂದಿಲ್ಲವೆಂದರೆ ಅದು ಬೀದಿನಾಯಿ. ಹೊಟ್ಟೆಗಲ್ಲ, ಓಡಿದ್ದನ್ನು ಅಟ್ಟುವ ಚಟಕ್ಕೆ. ಹಾಡಹಗಲು ಕುತ್ತಿಗೆ ಕಚ್ಚಿ ಎಳೆದಿದ್ದರೆ ಮುಂಗುಸಿಯ ಮೇಲೆ ಅನುಮಾನ ಪಡಿ, ಅದು ಹಗಲು ಬೇಟೆಯ ಪ್ರಾಣಿ. ಒಂದು ತೊಟ್ಟು ರಕ್ತವಿಲ್ಲದೆ ಮರಿಗಳ ಲೆಕ್ಕ ಮಾತ್ರ ಇಳಿಯುತ್ತಿದ್ದರೆ ಹಾವು, ಇಲ್ಲವೇ ಹೆಗ್ಗಣ. ಗೂಡಿನ ಬಳಿ ಹೊಸ ಮಣ್ಣಿನ ಗುಡ್ಡೆ ಕಂಡರೆ ಹೆಗ್ಗಣವೇ. ರಾತ್ರಿ ಒಂದನ್ನೇ ಎತ್ತಿಕೊಂಡು ಹೋಗಿ, ಬೇಲಿಯಾಚೆ ಪುಕ್ಕ ಚೆಲ್ಲಿದ್ದರೆ ಕಾಡುಬೆಕ್ಕೋ ನರಿಯೋ. ಬಯಲಲ್ಲಿ ಬಿಟ್ಟ ಸಣ್ಣ ಮರಿಗೆ ಹದ್ದು ಮತ್ತು ಕಾಗೆ; ದ್ರಾಕ್ಷಿ ತೋಟಕ್ಕೆ ಹಾಕುವ ಹಕ್ಕಿ ಬಲೆಯ ಹಳೆ ತುಂಡನ್ನು ಆರಡಿ ಎತ್ತರದಲ್ಲಿ ಬಿಗಿಯಾಗಿ ಕಟ್ಟಿದರೆ ಸಾಕು. ಬಲೆಯನ್ನು ನೆಲದವರೆಗೆ ಇಳಿಬಿಡಬೇಡಿ, ಹಾವು ಸಿಕ್ಕಿಕೊಳ್ಳುತ್ತದೆ, ಬಿಡಿಸುವುದು ಯಾರು? ಕೋಪಕ್ಕೆ ವಿಷವಿಡುವವರು, ಉರುಳು ಹಾಕುವವರು, ಬೇಲಿಗೆ ನೇರ ಕರೆಂಟು ಕೊಡುವವರು ಇದ್ದಾರೆ. ಮುಂಗುಸಿ, ನರಿ, ಕಾಡುಬೆಕ್ಕು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕರೆಂಟು ಬೇಲಿಯಂತೂ ನಾಯಿಗಿಂತ ಮೊದಲು ಪಕ್ಕದ ಮನೆಯ ಮಗುವನ್ನು ಹಿಡಿಯುತ್ತದೆ.

ನಾಯಿಯ ಮಾತು ಬಂದದ್ದರಿಂದ ಪಂಚಾಯಿತಿಗಳಿಗೆ ಒಂದು ಮಾತು. ಕೋಳಿ ಅಂಗಡಿಯ ಕರುಳು, ಪುಕ್ಕದ ಮೂಟೆಗಳನ್ನು ಕೆರೆ ಏರಿಯ ಕೆಳಗೆ ಸುರಿಯುವುದು ನಿಲ್ಲದೆ ಏರಿಯ ಮೇಲಿನ ನಾಯಿ ಹಿಂಡು ಕರಗುವುದಿಲ್ಲ. ಹಸಿ ಕರುಳಿನ ರುಚಿ ಹತ್ತಿದ ಹಿಂಡಿಗೆ ಬಾತು ಬೇರೆ ಕಾಣುವುದಿಲ್ಲ.

ಇನ್ನು ನೀರು. ಬಾತಿಗೆ ಈಜಲು ಕೆರೆಯೇ ಬೇಕೆಂಬುದು ತಪ್ಪು ತಿಳಿವಳಿಕೆ. ಕೊಕ್ಕು ಮುಳುಗಿದರೆ ಸಾಲದು, ಕಣ್ಣು ಮುಳುಗಬೇಕು. ಮೂಗಿನ ಹೊಳ್ಳೆಗೂ ಕಣ್ಣಿಗೂ ಅಂಟಿದ ಮೇವು ತೊಳೆದುಕೊಳ್ಳಲು ಆರರಿಂದ ಎಂಟು ಇಂಚು ಆಳದ ಬಾನಿ ಅಥವಾ ಕಾಲುವೆ ಸಾಕು. ನೀರು ಸಿಗದ ಬಾತಿನ ಕಣ್ಣು ಪಿಸುರು ಕಟ್ಟಿ ಮುಚ್ಚಿಕೊಳ್ಳುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರೂ ಜಿಲ್ಲೆಗಳಲ್ಲಿ ನಿಜವಾದ ಅಪಾಯ ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಕ್ಕೂ ಕಪ್ಪು ಪ್ಲಾಸ್ಟಿಕ್ ಹಾಸಿದ ಹೊಂಡಗಳಾದವು. ತುಂಬಿದಾಗ ಬಾತು ಸಲೀಸಾಗಿ ಇಳಿಯುತ್ತದೆ. ಟೊಮೆಟೊಗೆ ನೀರು ಹಾಯಿಸಿ ಮಟ್ಟ ಮೂರಡಿ ಇಳಿದಾಗ ಅದೇ ಬಾತು ಹತ್ತಲಾರದು: ಇಳಿಜಾರಿನ ಪ್ಲಾಸ್ಟಿಕ್ ಮೇಲೆ ಪಾಚಿ, ಚರ್ಮದ ಪಾದಕ್ಕೆ ಹಿಡಿತವಿಲ್ಲ. ಜಾರಿ ಜಾರಿ ದಣಿದು, ಪುಕ್ಕ ನೆನೆದು ಮುಳುಗುತ್ತದೆ. ಬಾತೂ ಮುಳುಗುತ್ತದೆಯೇ ಎಂದು ಕೇಳುವವರು ಒಮ್ಮೆ ಹೊಂಡದ ಅಂಚಿನಲ್ಲಿ ನಿಂತು ನೋಡಲಿ. ಉಪಾಯ ದುಬಾರಿಯೇನಲ್ಲ. ಮೂರು ನಾಲ್ಕು ಅಡಿ ಅಗಲದ ತೆಂಗಿನ ನಾರಿನ ಚಾಪೆ ಅಥವಾ ಒಂದಕ್ಕೊಂದು ಹೊಲಿದ ಗೋಣಿಚೀಲಗಳನ್ನು ದಡದ ಕಲ್ಲಿಗೆ ಕಟ್ಟಿ, ಇನ್ನೊಂದು ತುದಿ ಹೊಂಡದ ತಳ ಮುಟ್ಟುವ ಹಾಗೆ ಇಳಿಬಿಡಿ. ತುದಿಗೆ ಮಣ್ಣು ತುಂಬಿದ ಚೀಲ ಕಟ್ಟಿದರೆ ತೇಲುವುದಿಲ್ಲ. ಚೂಪು ಕಲ್ಲು ಬೇಡ, ಪ್ಲಾಸ್ಟಿಕ್ ಹರಿಯುತ್ತದೆ. ಎದುರುಬದುರು ಎರಡು ಕಡೆ ಇದ್ದರೆ ಒಳ್ಳೆಯದು. ಹಿತ್ತಲಿನ ಸಿಮೆಂಟ್ ತೊಟ್ಟಿಗೂ ಇದೇ ನಿಯಮ, ಒಳಗೆ ಇಟ್ಟಿಗೆಯ ಮೆಟ್ಟಿಲು ಇರಲಿ.

ಹೊರಗಿನ ಶತ್ರುವಿಗೆ ಗೋಡೆ ಕಟ್ಟಬಹುದು. ಮೇವಿನ ಚೀಲದಲ್ಲಿ ಬರುವ ಶತ್ರುವಿಗೆ ಕಣ್ಣು ಬೇಕು. ಪಾವಗಡ, ಶಿರಾ, ಮಧುಗಿರಿಯ ಕಡೆ ಕಡಲೆಕಾಯಿ ಹಿಂಡಿ ಮನೆಯಲ್ಲೇ ಇರುತ್ತದೆ, ಹಸುವಿಗೆ ಹಾಕಿ ಮಿಕ್ಕದ್ದು ಬಾತಿಗೆ. ಹಿಂಡಿಗೂ ಮುಸುಕಿನ ಜೋಳಕ್ಕೂ ತೇವ ತಾಗಿದರೆ ಹಸಿರು ಹಳದಿ ಬೂಷ್ಟು ಹಿಡಿಯುತ್ತದೆ, ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳೂ ಬಾತುಮರಿಗಳೂ ಸತ್ತಾಗಲೇ ಈ ವಿಷ ಪತ್ತೆಯಾದದ್ದು. ಆಮೇಲೆ ಮೇವಿನಲ್ಲಿ ವಿಷ ಇದೆಯೇ ಎಂದು ನೋಡಲು ವಿಜ್ಞಾನಿಗಳು ಒಂದು ದಿನದ ಬಾತುಮರಿಯನ್ನೇ ಬಳಸಿದರು, ಅಷ್ಟು ಸೂಕ್ಷ್ಮ ಅದರ ಪಿತ್ತಜನಕಾಂಗ. ಕೋಳಿ ತಿಂದು ಅರಗಿಸಿಕೊಂಡ ಹಿಂಡಿಯೇ ಬಾತನ್ನು ಕೊಲ್ಲುವುದು ಹೀಗೆ. ಬಿಸಿಲಿಗೆ ಹರಡಿದರೆ ಬೂಷ್ಟು ಒಣಗುತ್ತದೆ, ವಿಷ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಬೂಷ್ಟು ತೆಗೆದು ಉಳಿದದ್ದನ್ನು ಹಾಕುವ ಜಿಪುಣತನವೂ ಬೇಡ. ಹಿಂಡಿಯನ್ನು ಎರಡು ವಾರಕ್ಕೆ ಬೇಕಾದಷ್ಟೇ ತನ್ನಿ, ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ, ಮಳೆಗಾಲದಲ್ಲಿ ಆದಷ್ಟು ಬಿಟ್ಟುಬಿಡಿ.

ದೊಡ್ಡ ಬಾತಿಗೆ ದಿನಕ್ಕೆ 120ರಿಂದ 170 ಗ್ರಾಂ ಮೇವು. ಹೊರಗೆ ಹುಳ, ಬಸವನಹುಳು ಮೇಯ್ದರೆ ಇನ್ನೂ ಕಡಿಮೆ. ಪುಡಿ ಮೇವನ್ನು ನೀರು ಚಿಮುಕಿಸಿ ಉಂಡೆಯಾಗುವಷ್ಟು ಕಲಸಿ ಹಾಕಿ, ಒಣಪುಡಿ ಗಂಟಲಲ್ಲಿ ಕಟ್ಟುತ್ತದೆ. ಮೇವು ಇಟ್ಟ ಕಡೆ ನೀರು ಇರಲೇಬೇಕು. ಕಲಸಿ ಮಿಕ್ಕದ್ದನ್ನು ರಾತ್ರಿಗೆ ಇಡಬೇಡಿ, ಹುಳಿಯುತ್ತದೆ. ಶಿಡ್ಲಘಟ್ಟದ ಕಡೆ ರೀಲಿಂಗ್ ಘಟಕದಲ್ಲಿ ನೂಲು ಬಿಚ್ಚಿ ಉಳಿದ ರೇಷ್ಮೆಹುಳ ಸಿಗುತ್ತದೆ. ಒಣಗಿಸಿದ್ದಾದರೆ ಒಳ್ಳೆಯ ಮೇವು. ಹಸಿಯಾಗಿ ಗುಡ್ಡೆ ಹಾಕಿ ಕೊಳೆತದ್ದಾದರೆ ಬೇಡವೇ ಬೇಡ. ಕೊಳೆತ ಮಾಂಸ, ಅದರಲ್ಲಿ ಬಿದ್ದ ಹುಳ, ಬೇಸಿಗೆಯಲ್ಲಿ ಕೆರೆ ಬತ್ತುವಾಗ ಸತ್ತ ಮೀನು, ಇವುಗಳಿಂದ ಬಾಟುಲಿಸಂ ಎಂಬ, ನರಗಳನ್ನು ಸೋಲಿಸುವ ವಿಷಬಾಧೆ ಬರುತ್ತದೆ. ಮೊದಲು ಕಾಲು ಸೋಲುತ್ತದೆ, ಆಮೇಲೆ ಕತ್ತು ಜೋಲುತ್ತದೆ, ನೀರಿನಲ್ಲಿದ್ದರೆ ತಲೆ ಎತ್ತಲಾರದೆ ಮುಳುಗಿ ಸಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೆರೆ ಕೆಸರಾದಾಗ ಬಾತನ್ನು ಹಿತ್ತಲಿನ ಬಾನಿಗೇ ಒಗ್ಗಿಸಿ.

ಟೊಮೆಟೊ ತೋಟಕ್ಕೆ ಬಿಡುವವರಿಗೆ ಎರಡು ಮಾತು. ಔಷಧಿ ಹೊಡೆದ ತೋಟದಲ್ಲಿ ಸತ್ತು ಬಿದ್ದ ಹುಳವನ್ನು ಆರಿಸಿ ತಿನ್ನುವುದು ಬಾತೇ. ಡಬ್ಬದ ಮೇಲೆ ಬರೆದ ಕಾಯುವ ದಿನಗಳು ಮುಗಿಯುವವರೆಗೆ ಪಕ್ಕದವರ ತೋಟಕ್ಕೂ ಬಿಡಬೇಡಿ. ಇನ್ನೊಂದು, ಗಿಡ ಕಟ್ಟಿದ ಪ್ಲಾಸ್ಟಿಕ್ ದಾರ. ಕಾಲಿಗೆ ಸುತ್ತಿಕೊಂಡರೆ ದಾರ ಬಿಗಿದು ಪಾದ ಊದಿ ಕಪ್ಪಾಗುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಗಂಟಾಗುತ್ತದೆ. ಗೂಡು ಕಟ್ಟಿ ಮುಗಿಸಿದ ದಿನ ನೆಲದ ಮೇಲಿನ ತಂತಿ ತುಂಡು, ಸ್ಕ್ರೂ, ಮೊಳೆಗಳನ್ನೂ ಆರಿಸಬೇಕು. ಹೊಳೆಯುವುದನ್ನೆಲ್ಲ ಬಾತು ನುಂಗುತ್ತದೆ. ಜಾಲರಿ ಕತ್ತರಿಸಿದ ಜಾಗದಲ್ಲಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಒಂದು ಸುತ್ತು ಎಳೆದರೆ ಕಣ್ಣಿಗೆ ಕಾಣದ ಚೂರೂ ಬರುತ್ತದೆ.

ಮರಿಗಳ ವಿಷಯ. ಖಾಕಿ ಕ್ಯಾಂಪ್‌ಬೆಲ್ ಕಾವಿಗೆ ಕೂರುವುದು ಅಪರೂಪ, ಹಾಗಾಗಿ ನಾಟಿ ಹ್ಯಾಟೆಯ (ಹೆಣ್ಣು ಕೋಳಿಯ) ಅಡಿಯಲ್ಲಿ 28 ದಿನ ಇಟ್ಟು ಮರಿ ಮಾಡಿಸುವುದು ವಾಡಿಕೆ. ಹೆತ್ತ ಬಾತಿನ ಜೊತೆ ಬೆಳೆದ ಮರಿಗೆ ತಾಯಿಯ ಪುಕ್ಕದ ಎಣ್ಣೆ ಹತ್ತಿರುತ್ತದೆ. ಹ್ಯಾಟೆಯ ಮರಿಗೆ, ಯಂತ್ರದ ಮರಿಗೆ ಅದಿಲ್ಲ. ನಾಲ್ಕು ವಾರ ತುಂಬುವವರೆಗೆ ಈಜಲು ಬಿಟ್ಟರೆ ನೆನೆದು, ನಡುಗಿ ಸಾಯುತ್ತವೆ. ಕುಡಿಯುವ ತಟ್ಟೆ ಎರಡು ಮೂರು ಇಂಚು ಆಳದ್ದಿರಲಿ, ನಡುವೆ ಬೆಣಚುಕಲ್ಲು ತುಂಬಿ. ಮೊದಲ ವಾರ ಬಲ್ಬಿನ ಕೆಳಗೆ 30 ಡಿಗ್ರಿ ಆಸುಪಾಸು ಶಾಖ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ಅಂಚಿಗೆ ಓಡಿದರೆ ಸೆಕೆ, ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ದೊಡ್ಡವಾದ ಮೇಲೆ ಆರೇಳು ಹೆಣ್ಣಿಗೆ ಒಂದು ಗಂಡು ಸಾಕು. ಗಂಡು ಹೆಚ್ಚಾದರೆ ಹೆಣ್ಣಿನ ಕುತ್ತಿಗೆಯ ಪುಕ್ಕ ಕಿತ್ತು ಗಾಯವಾಗುತ್ತದೆ.

2025ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ಕೋಳಿಗೆ ಬಂದರೆ ಗೊತ್ತಾಗುತ್ತದೆ, ಸಾಲುಸಾಲಾಗಿ ಸಾಯುತ್ತವೆ. ಬಾತು ಎಷ್ಟೋ ಸಲ ಏನೂ ಆಗದಂತೆ ಓಡಾಡುತ್ತಲೇ ವೈರಸ್ ಚೆಲ್ಲುತ್ತಿರುತ್ತದೆ. ಅದಕ್ಕೇ ಕೋಳಿಯನ್ನೂ ಬಾತನ್ನೂ ಒಂದೇ ಗೂಡಿನಲ್ಲಿ ಕೂಡಬಾರದು. ಚಳಿಗಾಲದಲ್ಲಿ ವಲಸೆ ಹಕ್ಕಿ ಇಳಿದ ಕೆರೆಗೆ ಬಿಡದಿರುವುದು ಒಳ್ಳೆಯದು. ಕಟಾವಾದ ಗದ್ದೆಗೆ ಸಾವಿರಗಟ್ಟಲೆ ಬಾತು ಹೊಡೆದುಕೊಂಡು ಬರುವವರ ಹಿಂಡಿನೊಂದಿಗೂ ಬೆರೆಸಬೇಡಿ. ಒಮ್ಮೆಗೇ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕೆರೆಗೆ ಎಸೆಯದೆ, 1962ಕ್ಕೆ ಕರೆ ಮಾಡಿ ಪಶುವೈದ್ಯರಿಗೆ ತಿಳಿಸಿ.

ಪಶುಪಾಲನಾ ಇಲಾಖೆಗೆ ಒಂದು ಬೇಡಿಕೆ. ಬಾತಿಗೆ ಎರಡು ಲಸಿಕೆ ಮುಖ್ಯ: ಮೂರು ನಾಲ್ಕು ವಾರಕ್ಕೆ ಬಾತಿನ ಕಾಲರಾ, ಎಂಟರಿಂದ ಹನ್ನೆರಡು ವಾರದೊಳಗೆ ಬಾತಿನ ಪ್ಲೇಗ್. ಎರಡೂ ಚರ್ಮದಡಿ ತಲಾ 1 ಮಿಲಿ. ಪ್ಲೇಗಿನ ಲಸಿಕೆ ಜೀವಂತ ಲಸಿಕೆ. ಸೀಸೆ ಬರುವುದು ದೊಡ್ಡ ಹಿಂಡಿನ ಲೆಕ್ಕಕ್ಕೆ, ಕಲಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹನ್ನೆರಡು ಬಾತಿರುವ ಮನೆಗೆ ಒಂದು ಸೀಸೆ ಒಡೆಯಲು ಯಾವ ವೈದ್ಯರಿಗೂ ಮನಸ್ಸು ಬಾರದು, ಅವರ ತಪ್ಪೂ ಅಲ್ಲ. ಹೋಬಳಿಯ ಪಶು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ ಪಂಚಾಯಿತಿಯ ಫಲಕದಲ್ಲಿ ಬರೆದು ಹಾಕಿದರೆ ಹತ್ತು ಮನೆಯ ಬಾತು ಒಟ್ಟಿಗೆ ಬಂದು ಒಂದು ಸೀಸೆ ಪೂರ್ತಿ ಬಳಕೆಯಾಗುತ್ತದೆ. ಮನೆಮನೆಯ ಹಿಂಡನ್ನು ಒಂದೇ ಅಂಗಳದಲ್ಲಿ ಬಿಡದೆ, ಒಬ್ಬರ ಬುಟ್ಟಿ ಮುಗಿದ ಮೇಲೆ ಇನ್ನೊಬ್ಬರದು ಒಳಗೆ ಬರಲಿ. ಸೂಜಿಯೂ ಮನೆಗೊಂದು ಬದಲಾಗಲಿ. ತರುವವರು ಕೋಳಿಯಂತೆ ಕಾಲು ಕಟ್ಟಿ ಬೈಕಿಗೆ ತಲೆಕೆಳಗೆ ತೂಗುಹಾಕಬೇಡಿ. ಬಾತಿನ ಕಾಲು ಮೈಭಾರ ತಡೆಯದು, ತೊಡೆಯ ಕೀಲು ತಪ್ಪುತ್ತದೆ. ಅಗಲ ಮಂಕರಿಯಲ್ಲಿ ಹುಲ್ಲು ಹಾಸಿ ನಾಲ್ಕೈದು ಕೂರಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ, ಬಿಸಿಲೇರುವ ಮುಂಚೆ ತನ್ನಿ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಕೈ ಎರಡೂ ರೆಕ್ಕೆಯ ಮೇಲೆ.

ಇಂತಿ,
ಬಾತು ಸಾಕುವ ಓದುಗರು
ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ